ಕಠ್ಮಂಡುವಿನ ಡೇರೆಯಲ್ಲಿ ಯುಗಾದಿ

ಸೀಮೆಎಣ್ಣೆ ಸ್ಟೌವಿನ ವಾಸನೆ ಬಂದರೆ ನನಗೆ ಇಂದಿಗೂ ಕಠ್ಮಂಡುವಿನ ಆ ಯುಗಾದಿ ನೆನಪಾಗುತ್ತದೆ.

ಬನಶಂಕರಿಯಿಂದ ಬಸ್ಸಿನಲ್ಲಿ ಯಾತ್ರೆ ಹೊರಟು ಹತ್ತೊಂಬತ್ತನೆಯ ದಿನ, ಡೇರೆ ಹಾಕಿದ್ದು ಹನ್ನೊಂದನೆಯ ಸಲ ಎಂದು ನನ್ನ ಪುಸ್ತಕದಲ್ಲಿ ಬರೆದಿದ್ದೆ. ಜೊತೆಯ ಯಾತ್ರಿಕರೆಲ್ಲ ಸೇರಿ ಬಯಲಿನಲ್ಲೇ ಸ್ಟೌ ಹಚ್ಚಿ ಒಬ್ಬಟ್ಟು ತಟ್ಟುತ್ತಿದ್ದರು. ಅಷ್ಟರಲ್ಲಿ ಅಪ್ಪನಿಗೊಂದು ತಂತಿ ಬಂತು. ಓದಿ ಜೇಬಿಗೆ ಹಾಕಿಕೊಂಡು, ಹೊಳೆಗೆ ಹೋಗಿ ಮತ್ತೊಮ್ಮೆ ಮುಳುಗಿ ಬಂದರು.

“ಬೆಳಿಗ್ಗೆ ಸ್ನಾನ ಆಗಿತ್ತಲ್ಲೋ?” ಎಂದರು ಅಜ್ಜಿ.

“ಸೆಕೆ ಕಣಮ್ಮ,” ಎಂದರು ಅಪ್ಪ. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

“ತಂತಿ ಯಾರ್ದಪ್ಪಾ?” ಎಂದೆ.

“ಆಫೀಸಿಂದು. ಅಜ್ಜಿಗೆ ಹೇಳ್ಬೇಡ. ಇಷ್ಟು ದೂರ ಬಂದಿದಾರೆ, ದೇವರ ದರ್ಶನ ಮಾಡ್ಲಿ.”

ಅಪ್ಪ ಬೇವುಬೆಲ್ಲ ಮುಟ್ಟಲಿಲ್ಲ, ಪಶುಪತಿನಾಥನ ಗುಡಿಗೂ ಬರಲಿಲ್ಲ. ಆಫೀಸಿನ ತಂತಿಗೆ ಹಬ್ಬವನ್ನೇಕೆ ಬಿಡಬೇಕೋ ನನಗೆ ತಿಳಿಯಲಿಲ್ಲ.

ದರ್ಶನ ಮುಗಿಸಿ ಬಂದ ಅಜ್ಜಿಯ ಮುಖ ಅರಳಿತ್ತು. ಏಳು ಪೊಟ್ಟಣ ಪ್ರಸಾದ ಕಟ್ಟಿ, ಮೊದಲನೆಯದನ್ನು ಅಪ್ಪನ ಕೈಗಿತ್ತರು.

“ಇದು ಜಯನಗರಕ್ಕೆ, ನಿಮ್ಮಣ್ಣಂಗೆ. ಪಾಪ, ಹುಷಾರಿಲ್ದೆ ಉಳ್ಕೊಂಡ. ಊರಿಗೆ ಹೋದ ತಕ್ಷಣ ನೀನೇ ಕೊಟ್ಟು ಬಾ.”

ಪೆಟ್ಟಿಗೆ ಕಾಲ ಬಳಿಯೇ ತೆರೆದಿತ್ತು. ಆದರೂ ಅಪ್ಪ ಆ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಹಿಡಿದುಕೊಂಡೇ ನಿಂತಿದ್ದರು.