ಇಬ್ಬರಿಗೆ ಒಂದೇ ಹಾಸಿಗೆ

ಮೇಲುಹಾಸಿನ ಮೂರು ಮೂಲೆ ಬಿಡಿಸಿ ನಾಲ್ಕನೆಯದಕ್ಕೆ ಕೈ ಚಾಚಿದಾಗ ಎಲೋಯ್ಸಾಳಿಗೆ ದಿಂಬಿನ ಮೇಲೆ ಆ ಕೂದಲು ಕಾಣಿಸಿತು. ಉದ್ದನೆಯದು, ಮದರಂಗಿ ಬಣ್ಣದ್ದು. ಅವಳದು ಗಿಡ್ಡ ಕೂದಲು, ಅರ್ಧ ಬೆಳ್ಳಗಾಗಿತ್ತು. ಫೆರ್ಮಿನ್‌ನ ತಲೆಯಲ್ಲಂತೂ ಉದುರುವುದಕ್ಕೆ ಏನೂ ಉಳಿದಿರಲಿಲ್ಲ.

ಮರಿಸೆಲಾ. ಯೋಚಿಸುವ ಅಗತ್ಯವೇ ಇರಲಿಲ್ಲ. ಭಾನುವಾರ ಎಲೋಯ್ಸಾ ತಾಯಿಯನ್ನು ನೋಡಲು ಹೋಗುತ್ತಾಳೆ. ಇದು ಭಾನುವಾರದ ಕೂದಲು.

ಹಾಸಿಗೆ ಕಿರಿದು. ಒಂಬತ್ತು ವರ್ಷದಿಂದ ಇಬ್ಬರಿಗೂ ಅದೊಂದೇ. ಆದರೆ ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿದ್ದೇ ಇಲ್ಲ. ಅವನಿಗೆ ಹಗಲು ದುಡಿಮೆ, ಇವಳಿಗೆ ರಾತ್ರಿ. ಅವನು ಎದ್ದು ಹೋದ ಬೆಚ್ಚನೆಯ ತಗ್ಗಿನಲ್ಲಿ ಇವಳು ಮೈಚಾಚುವುದು, ಇವಳ ತಗ್ಗಿನಲ್ಲಿ ಅವನು. ಅವನ ಗೊರಕೆ, ಸೊಂಟನೋವು, ಕಾಫಿಗೆ ಬೇಕಾಗುವ ಚಕ್ಕೆಪುಡಿ, ಎಲ್ಲವೂ ಅವಳಿಗೆ ಗೊತ್ತು. ತನ್ನಷ್ಟು ಅವನನ್ನು ಬಲ್ಲವರು ಪೇಕೋಸ್ ಊರಲ್ಲೇ ಇಲ್ಲವೆಂದು ಅವಳು ನಂಬಿದ್ದಳು.

ಮೇಲುಹಾಸು ಕೊಡವಿದಳು. ಮರಳು ಉದುರಿತು. ಕೂದಲನ್ನು ಮಾತ್ರ ಬೆರಳಿಗೆ ಸುತ್ತಿಕೊಂಡೇ ಲಾಂಡ್ರಿಗೆ ನಡೆದಳು.

"ಏನೇ, ಮೊನ್ನೆ ತಾನೇ ಒಗೆದ್ಯಲ್ಲ ಇದನ್ನ?" ಲಾಂಡ್ರಿಯ ಎರ್ಮಿನಿಯಾ ಅಜ್ಜಿ ಕನ್ನಡಕ ಏರಿಸಿದಳು. "ಅಂಥಾದ್ದೇನು ಅಂಟ್ಕೊಂಡಿದೆ ಇದಕ್ಕೆ?"

"ಮರಳು ಅಜ್ಜಿ."

"ಮರಳಂತೆ! ಒಡೆಸ್ಸಾ ಪಟ್ಟಣದಲ್ಲಿ ನೋಡ್ದೆ ಇಬ್ಬರನ್ನೂ. ಬೆರಳಚ್ಚು ತಗೊಳ್ತಾರಲ್ಲ, ಆ ಆಫೀಸಿನ ಮುಂದೆ. ಅವಳ ಕೈ ತನ್ನ ತೊಡೆ ಮೇಲಿಟ್ಕೊಂಡು ಬೆರಳು ಬೆರಳಿಗೂ ಕ್ರೀಮು ತಿಕ್ತಾ ಇದ್ದ ಫೆರ್ಮಿನ್. ಈ ವಯಸ್ಸಲ್ಲಿ!"

"ಮೋಟೆಲಿನ ಬಚ್ಚಲು ತಿಕ್ಕಿ ತಿಕ್ಕಿ ಅವಳ ಬೆರಳಿನ ಗೆರೆ ಸವೆದುಹೋಗಿದೆ. ಯಂತ್ರ ಒಪ್ತಾ ಇರಲಿಲ್ಲವಂತೆ."

"ಈಗ ಒಪ್ಕೊಂಡಿದೆ. ಇನ್ನೊಂದು ಪರೀಕ್ಷೆ ಬಾಕಿ, ಅಷ್ಟೆ." ಅಜ್ಜಿ ದನಿ ತಗ್ಗಿಸಿದಳು. "ಹುಷಾರು ಕಣೇ. ಅವಳು ಬಂದು ಕೂತ್ಲು ಅಂದ್ರೆ ನಿನಗೆಲ್ಲಿ ಜಾಗ?"

ಎಲೋಯ್ಸಾ ಒಗೆಯುವ ಯಂತ್ರದ ಗಾಜಿನೊಳಗೆ ಬಟ್ಟೆ ಮಗುಚಿ ಮಗುಚಿ ಬೀಳುವುದನ್ನೇ ನೋಡುತ್ತ ಕುಳಿತಳು.

ಎಲ್ಲ ಶುರುವಾದದ್ದು ಆ್ಯಸಿಡ್‌ನಿಂದ. ಎಣ್ಣೆಬಾವಿಯೊಳಗೆ ಬಂಡೆ ಸೀಳಲು ಬೇಕಾದ ಮರಳು ಈಗ ಬೆಲ್ಟಿನ ಮೇಲೆ ತಾನೇ ಹರಿದು ಬರುತ್ತದೆ; ಮರಳು ಹೊರುವ ಲಾರಿ ಯಾರಿಗೂ ಬೇಡ. ಅದೇ ಬಾವಿಗಳಿಗೆ ಆ್ಯಸಿಡ್ ಒಯ್ಯುವ ಟ್ಯಾಂಕರಿಗಾದರೆ ಬಿಡುವಿಲ್ಲದ ಕೆಲಸ. ಆದರೆ ಅದಕ್ಕೆ ಲೈಸೆನ್ಸಿನ ಮೇಲೆ ಅಪಾಯದ ಸರಕಿನ ಪರವಾನಗಿ ಬೇಕು; ಒಡೆಸ್ಸಾಗೆ ಹೋಗಿ ಬೆರಳಚ್ಚು ಕೊಡಬೇಕು, ಪರೀಕ್ಷೆ ಪಾಸಾಗಬೇಕು. ಫೆರ್ಮಿನ್ ಮೊದಲೇ ಪಡೆದಿದ್ದ. ಮುಖಕ್ಕೆ ಮಾಸ್ಕ್ ಬಿಗಿಯಾಗಿ ಕೂರಬೇಕೆಂದು, ಎಷ್ಟೋ ವರ್ಷದಿಂದ ಬಿಟ್ಟಿದ್ದ ಗಡ್ಡವನ್ನೂ ಬೋಳಿಸಿದ್ದ.

"ಆ್ಯಸಿಡ್ ಸಹವಾಸ ಬೇಡ," ಎಂದು ಅವಳು ಹಟ ಹಿಡಿದಿದ್ದಳು. ಚಿಕ್ಕಪ್ಪನ ಸುಟ್ಟ ಮುಖ ಅವಳಿಗೆ ಮರೆತಿರಲಿಲ್ಲ. "ಮರಳು ಯಾರನ್ನೂ ಸುಡಲ್ಲ."

"ಇನ್ಮೇಲೆ ಅದು ಊಟಾನೂ ಹಾಕಲ್ಲ ಮಾರಾಯ್ತಿ."

ಆ ಮಾತು ಅಲ್ಲಿಗೇ ನಿಂತಿತ್ತು. ಆಮೇಲೆ ಬಂದವಳು ಮರಿಸೆಲಾ. ಅವನ ಜೊತೆಗಿರಲೆಂದೇ ಮೋಟೆಲು ಬಿಟ್ಟು ಲಾರಿ ಕಲಿತವಳು. ಹಗಲು ಪರದೆ ಎಳೆದುಕೊಂಡು ಮಲಗಿದ ಎಲೋಯ್ಸಾಳಿಗೆ, ಆಚೆಯಿಂದ ಅವನು ಫೋನಿನ ಸ್ಪೀಕರಿನಲ್ಲಿ ಮರಿಸೆಲಾಳಿಗೆ ಪಾಠ ಹೇಳಿಕೊಡುವುದು ಕೇಳುತ್ತಿತ್ತು.

"ಆ್ಯಸಿಡ್ ಪಕ್ಕದಲ್ಲಿ ಏನು ಇಡಬಾರದು?"

"ನಿಮ್ಮಮ್ಮನ್ನ!"

"ಸಯನೈಡು ಕಣೇ, ಸಯನೈಡು!"

ಆಮೇಲೆ ಇಬ್ಬರ ನಗು. ತನ್ನೊಂದಿಗೆ ಅವನು ಹಾಗೆ ನಕ್ಕದ್ದು ಯಾವಾಗ? ದಿಂಬನ್ನು ಕಿವಿಗೆ ಒತ್ತಿಕೊಂಡರೆ ಅದರಲ್ಲೂ ಅವನದೇ ವಾಸನೆ.

ಶುಕ್ರವಾರ ಮಾತಾಡುವುದಿದೆ ಎಂದಿದ್ದ ಅವನು. ಏನು ಮಾತೆಂದು ಅವಳಿಗೆ ಗೊತ್ತಿತ್ತು. ಆದರೂ ಅಂದು ರೊಟ್ಟಿಯಲ್ಲಿ ಬೀನ್ಸ್ ಸುತ್ತಿದ ಬುರಿಟೊ ಕಟ್ಟಿಕೊಂಡಳು, ಅಭ್ಯಾಸಬಲದಿಂದ ಎರಡು.

ಲಾರಿ ನಿಲ್ಲುವ ಅಂಗಳಕ್ಕೆ ಅವರಿಬ್ಬರೂ ಜೊತೆಯಾಗಿಯೇ ಬಂದರು. ಮರಿಸೆಲಾಳ ಕಂಕುಳಲ್ಲಿ ಹೊಸ ದಿಂಬು.

ಫೆರ್ಮಿನ್ ನೆಲ ನೋಡುತ್ತ ಹೇಳಿದ: "ಎಲೋ, ಅವಳು ಪಾಸಾದಳು. ಇವತ್ತಿನಿಂದ ಅವಳೇ... ಒಂಬತ್ತು ವರ್ಷ ಮಾರಾಯ್ತಿ, ನಾನು ಹೇಗೆ ಹೇಳ್ಲಿ..."

"ಹೇಳ್ಬೇಡ."

ಒಗೆದು ಮಡಚಿದ ಮೇಲುಹಾಸು, ಅದರ ಮೇಲೆ ಬೀಗದ ಕೈ, ಅದರ ಪಕ್ಕ ಬುರಿಟೊ ಪೊಟ್ಟಣ. ಎಲ್ಲವನ್ನೂ ಅವನ ಕೈಗಿಟ್ಟಳು. ಅವನು ಮುಖ ತಿರುಗಿಸಿ, ಟಯರು ನೋಡುವ ನೆಪದಲ್ಲಿ ಆಚೆ ಹೋದ.

ಮರಿಸೆಲಾ ಕದಲಲಿಲ್ಲ. ಸವೆದ ಬೆರಳುಗಳಿಂದ ದಿಂಬಿನ ಅಂಚು ಹಿಸುಕುತ್ತ ನಿಂತಿದ್ದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡ, ಒಂದು ಮಾತು ಕೇಳ್ಲಾ? ಇವನನ್ನ ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಅದರಲ್ಲಿ ಅರ್ಧ ಕಾಲ ನಿನ್ನ ಮೇಲೆ ಹೊಟ್ಟೆ ಉರ್ಕೊಂಡೇ ಕಳೆದೆ. ಮೊನ್ನೆ ಭಾನುವಾರ ನಾನೂ ಮಲಗಿ ನೋಡ್ದೆ, ರೆಪ್ಪೆ ಮುಚ್ಚಲಿಲ್ಲ. ಇವನು ಲಾರಿ ಓಡಿಸ್ತಿರುವಾಗ ಸೀಟಿನ ಹಿಂದಿನ ಈ ಹಾಸಿಗೇಲಿ ನಿನಗೆ ಅದು ಹೇಗೆ ನಿದ್ದೆ ಬರ್ತಿತ್ತು?"

ಎಲೋಯ್ಸಾ ಅಂದಿನಿಂದ ಜೇಬಿನಲ್ಲೇ ಇದ್ದ ಕೂದಲನ್ನು ಮೆಲ್ಲಗೆ ತೆಗೆದು ಗಾಳಿಗೆ ಬಿಟ್ಟಳು.

"ಬ್ರೇಕ್ ಒತ್ತೋಕೆ ಮುಂಚೆ ಅವನು ಒಂದು ಸಲ ಕೆಮ್ಮುತ್ತಾನೆ," ಎಂದಳು. "ಕೆಮ್ಮು ಕೇಳಿಸೋವರೆಗೂ ಭಯ ಇಲ್ಲ. ಮಲಕ್ಕೋ."

ಲಾರಿ ಗೇಟು ದಾಟಿ ಧೂಳಿನಲ್ಲಿ ಕರಗಿತು. ಮನೆಗೆ ಹೋಗುವ ದಾರಿಯಲ್ಲಿ ಅವಳು ಕೈಗೆ ಹಚ್ಚುವ ಕ್ರೀಮು ಕೊಂಡಳು. ಯಾತಕ್ಕೆಂದು ಅಂಗಡಿಯವಳು ಕೇಳಿದ್ದಕ್ಕೆ ಚಳಿಗೆ ಚರ್ಮ ಒಡೆದಿದೆ ಎಂದಳು. ಹೊರಗೆ ಜೂನ್ ತಿಂಗಳ ಬಿಸಿಲು ಸುಡುತ್ತಿತ್ತು. ಸ್ಟೀರಿಂಗ್ ಹಿಡಿದು ಜಡ್ಡುಗಟ್ಟಿದ ಬೆರಳುಗಳಿಗೆ ಒಂದೊಂದಾಗಿ ಕ್ರೀಮು ತಿಕ್ಕಿಕೊಳ್ಳುತ್ತ ಅವಳು ಒಡೆಸ್ಸಾ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನೆನಪಿಸಿಕೊಂಡಳು.