ಗುಡುಗು ಗಂಗಣ್ಣನ ಹರಿದ ಮೂಲೆ

ಟ್ರಂಕಿನಿಂದ ತನ್ನ ಹಳೆಯ ಕಾಮಿಕ್ಸ್ ಪುಸ್ತಕ ತೆಗೆದ ದುರಗೇಶನ ಎದೆ ಧಸಕ್ಕೆಂದಿತು. ಪುಸ್ತಕ ಎಲ್ಲಿಯೂ ಹರಿದಿರಲಿಲ್ಲ.

ನಿನ್ನೆ ಮುಂಜಾನೆಯವರೆಗೂ ಅದು ಚೆನ್ನಾಗಿಯೇ ಹರಿದಿತ್ತು. ಮುಖಪುಟದ ಬಲಮೂಲೆ ಮಾಯವಾಗಿತ್ತು. ಗುಡುಗು ಗಂಗಣ್ಣನ ಮೀಸೆಯ ಮೇಲೆ ಚಹಾ ಲೋಟದ ದುಂಡು ಕಲೆ. ಪಿನ್ನುಗಳಿಗೆ ತುಕ್ಕು. ಒಳಗಿನ ಪುಟದಲ್ಲಿ ಎಂಟು ವರ್ಷದ ದುರಗೇಶ ಸೊಟ್ಟಗೆ ಬರೆದಿದ್ದ ತನ್ನ ಹೆಸರು. ಈಗ ಮೂಲೆ ಇತ್ತು, ಮೀಸೆ ಮಿಂಚುತ್ತಿತ್ತು, ಪಿನ್ನು ಹೊಳೆಯುತ್ತಿತ್ತು. ಹೆಸರೂ ಇಲ್ಲ, ಅಳಿಸಿದ ಗುರುತೂ ಇಲ್ಲ.

"ಸುವರ್ಣಾ, ಮುಳುಗಿಸಿಬಿಟ್ಟೆಲ್ಲ!" ಎಂದು ಖಾಲಿ ಮನೆಗೆ ಹೇಳಿದ.

ಹೆಂಡತಿಯ ಕೈ ಬನಹಟ್ಟಿಗೆಲ್ಲ ಗೊತ್ತಿದ್ದ ಕೈ. ಮಗ್ಗದಲ್ಲಿ ಎಳೆ ತಪ್ಪಿದ, ತೂತು ಬಿದ್ದ ಸೀರೆಗಳನ್ನು ವ್ಯಾಪಾರಿಗಳು ಅವಳಲ್ಲಿಗೇ ತರುತ್ತಿದ್ದರು. ಅವಳು ರಫು ಹಾಕಿದ ಮೇಲೆ ತೂತು ಎಲ್ಲಿತ್ತೆಂದು ನೇಯ್ದವನಿಗೂ ತಿಳಿಯುತ್ತಿರಲಿಲ್ಲ. ಹರಿದದ್ದು ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಗಂಡನ ಅಂಗಿ, ನೆರೆಮನೆಯ ಸಿದ್ದಕ್ಕನ ಕೊಡೆ, ಹೋದ ವರ್ಷದ ಕ್ಯಾಲೆಂಡರು, ಯಾವುದನ್ನೂ ಬಿಟ್ಟವಳಲ್ಲ.

ಈ ಪುಸ್ತಕಕ್ಕೆ ಮಾತ್ರ ಕೈ ಹಚ್ಚಬಾರದಿತ್ತು. ಹಳೆಯ ಕಾಮಿಕ್ಸ್ ಕೊಳ್ಳುವ ಬೆಳಗಾವಿಯ ನಾಮದೇವ ಹೋದ ತಿಂಗಳು ಇದೇ ಪಡಸಾಲೆಯಲ್ಲಿ ಕೂತು ಬಿಡಿಸಿ ಹೇಳಿದ್ದ.

"ಹರದದ್ದು ಹರದಂಗ ಇರಲಿರಿ, ಇಪ್ಪತ್ತು ಸಾವಿರ ಕೊಡ್ತೇನಿ. ಒಂದು ಹನಿ ಅಂಟು, ಒಂದು ಚುಕ್ಕಿ ಬಣ್ಣ ಕಂಡ್ರ ಎರಡು ಸಾವಿರಾನೂ ಇಲ್ಲ. ಹೊಚ್ಚ ಹೊಸಾದಕ್ಕ ಲಕ್ಷ ರೂಪಾಯಿ ಐತಿ ಅಂತ ಮಂದಿ ತ್ಯಾಪಿ ಹಚ್ಚಿ ತರ್ತಾರ. ನಮಗ ತಿಳಿಯೂದಿಲ್ಲೇನ್ರಿ?"

ಹೀಗೆಂದು ಪುಸ್ತಕದ ಒಂದೊಂದು ಊನವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಚಹಾ ತಂದ ಸುವರ್ಣಾ ಮುಖಪುಟವನ್ನೇ ದಿಟ್ಟಿಸುತ್ತ ನಿಂತಿದ್ದಳು. ಹರಿದ ಮೂಲೆ ಇವಳ ಕಣ್ಣಿಗೆ ಚುಚ್ಚುತ್ತಿದೆ ಎಂದು ದುರಗೇಶನಿಗೆ ಆಗಲೇ ಭಯವಾಗಿತ್ತು.

ಆ ಇಪ್ಪತ್ತು ಸಾವಿರಕ್ಕೆ ದುರಗೇಶ ಒಂದು ಹಳೆಯ ಪವರ್‌ಲೂಮ್ ಕೊಳ್ಳಲು ಮಾತಾಡಿದ್ದ. ಸುವರ್ಣಾ ಕಂಡವರ ಸೀರೆಗೆ ಕಣ್ಣು ಸವೆಸುವುದನ್ನು ನೋಡಿ ಅವನಿಗೆ ಸಾಕಾಗಿತ್ತು. ಹೈಸ್ಕೂಲಿನ ಗುಮಾಸ್ತನ ಸಂಬಳದಲ್ಲಿ ಅವಳಿಗೊಂದು ಸ್ವಂತ ಮಗ್ಗ ಈ ಜನ್ಮಕ್ಕೆ ಆಗುವ ಮಾತಲ್ಲ.

ನಿನ್ನೆ ಬೀಳಗಿಗೆ ಹೋಗಿ, ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಬಿಟ್ಟುಬಂದ ಅಣ್ಣ ಕಾಶಪ್ಪನ ಸಾಮಾನು ಹೊಂದಿಸಿಕೊಟ್ಟು, ಕಡೆಯ ಬಸ್ಸಿಗೆ ಬಂದವಳು ಇಷ್ಟನ್ನೆಲ್ಲ ಯಾವಾಗ ಮಾಡಿದಳು? ನಿದ್ದೆಗೆಟ್ಟು ಕೂತಿರಬೇಕು. ಇವತ್ತು ಏಳಕ್ಕೇ ಸೀರೆ ಗಂಟು ಹೊತ್ತು ರಬಕವಿಗೆ ಹೊರಟಾಗ ಬಾಗಿಲಲ್ಲಿ ನಕ್ಕಿದ್ದಳು.

"ನಿಮ್ಮ ಪುಸ್ತಕ ನೋಡಿ ಆ ಸಾಹೇಬ್ರು ಇವತ್ತ ಬೆರಗಾಗಬೇಕು, ನೋಡ್ರಿ!"

ಹಲ್ಲುಜ್ಜುತ್ತಿದ್ದ ದುರಗೇಶ ತಲೆಯಾಡಿಸಿದ್ದ. ಈಗ ಅರ್ಥವಾಯಿತು.

ಪುಸ್ತಕವನ್ನು ಬಿಸಿಲಿಗೆ ಹಿಡಿದ. ಅಂಟು ಕಾಣಲಿಲ್ಲ. ಮೂಲೆಯನ್ನು ಉಗುರಿನಿಂದ ಕೆರೆದ. ಜೋಡಿಸಿದ ಗೆರೆ ಸಿಗಲಿಲ್ಲ. ಸಿಟ್ಟಿನ ನಡುವೆಯೂ ಹೆಂಡತಿಯ ಬಗ್ಗೆ ಹೆಮ್ಮೆಯಾಯಿತು.

ಗಡಿಯಾರ ಒಂಬತ್ತು ತೋರಿಸುತ್ತಿತ್ತು. ನಾಮದೇವ ಬರುವುದು ಹತ್ತಕ್ಕೆ. ಉಳಿದದ್ದು ಒಂದೇ ದಾರಿ. ಪುಸ್ತಕ ಮೊದಲು ಹೇಗಿತ್ತೋ ಹಾಗೇ ಆಗಬೇಕು.

ಕಣ್ಣು ಮುಚ್ಚಿ ಬಲಮೂಲೆಯನ್ನು ಹರಿದ. ಉಳಿದಿದ್ದ ಚಹಾದಲ್ಲಿ ಲೋಟದ ತಳ ಅದ್ದಿ ಗಂಗಣ್ಣನ ಮೀಸೆಯ ಮೇಲೊತ್ತಿದ. ಮೊದಲ ಸಲ ಕಲೆ ಮೂಗಿಗೆ ಬಿತ್ತು. ಒರೆಸಿ ಮತ್ತೊಮ್ಮೆ ಒತ್ತಿದ. ಹಳೆಯ ಬೀಗದ ತುಕ್ಕು ಕೆರೆದು ಪಿನ್ನುಗಳಿಗೆ ತಿಕ್ಕಿದ. ಕೊನೆಗೆ ಎಡಗೈಯಲ್ಲಿ ಪೆನ್ನು ಹಿಡಿದು, ನಾಲಿಗೆ ಕಚ್ಚಿ, ಎಂಟು ವರ್ಷದ ಹುಡುಗನಾಗಿ ಸೊಟ್ಟಗೆ 'ದುರಗೇಶ' ಎಂದು ಬರೆದ. ಬೆವರು ಒರೆಸಿಕೊಂಡು ನೋಡಿದ. ಹಳೆಯದಕ್ಕಿಂತ ಹಳೆಯದಾಗಿತ್ತು.

ನಾಮದೇವ ಸರಿಯಾಗಿ ಹತ್ತಕ್ಕೆ ಬಂದ. ಭೂತಗನ್ನಡಿ ತೆಗೆದ, ನೋಟ್‌ಬುಕ್ ಬಿಚ್ಚಿದ. ಮೂಲೆ ನೋಡಿದ, ತುಕ್ಕು ನೋಡಿದ, ಹೆಸರು ಓದಿದ. ಕಲೆಯ ಮೇಲೆ ಬೆರಳಿಟ್ಟು ಮೂಗಿಗೆ ಹಿಡಿದ.

"ದುರಗೇಶ ಅವರ, ಮೂವತ್ತು ವರ್ಷದ ಕಲಿ ಇನ್ನೂ ಹಸೀ ಐತೆಲ್ರಿ. ಯಾಲಕ್ಕಿ ವಾಸನಿನೂ ಬರಾಕತ್ತೈತಿ."

ದುರಗೇಶನ ಮೋರೆ ಬಾಡಿತು. ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲವನ್ನೂ ಒದರಿದ. "ಆಕಿ ತಪ್ಪಲ್ರಿ. ಛಲೋ ಆಗ್ಲಿ ಅಂತ ಮಾಡ್ಯಾಳ. ಆಕಿ ಹೊಲಿದದ್ದನ್ನ ನಾ ಬರೇ ಬಿಚ್ಚೇನಿ. ಆಕಿಗೆ ಏನೂ ಅನಬ್ಯಾಡ್ರಿ."

ನಾಮದೇವ ಪುಸ್ತಕವನ್ನು ಮತ್ತೆ ಗಾಜಿನಡಿಗೆ ಹಿಡಿದ. ಬೆನ್ನು, ಅಂಚು, ಒಳಗಿನ ಹಾಳೆಗಳು. ನೋಡಿ ಮುಗಿಸಿ ನೋಟ್‌ಬುಕ್ ಮುಚ್ಚಿದ.

"ಎಲ್ಲೈತ್ರಿ ದುರಸ್ತಿ? ಅಂಟಿಲ್ಲ, ಬಣ್ಣಿಲ್ಲ. ಮೊದಲ ಹಾಳಿ ಬಿಟ್ರ ಉಳದಾವು ಒಂದಕ್ಕೊಂದು ಹತ್ಕೊಂಡಾವ, ಯಾರೂ ತಗದು ಓದಿಲ್ಲ ಇದನ್ನ."

ಅಷ್ಟರಲ್ಲಿ ಸುವರ್ಣಾ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕಣ್ಣಲ್ಲಿ ಹಿಗ್ಗು ತುಂಬಿತ್ತು. ಒಳಗೆ ಬರುತ್ತಲೇ ಹಿಟ್ಟಿನ ಡಬ್ಬಿಯ ಹಿಂದಿನಿಂದ ಪತ್ರಿಕೆಯಲ್ಲಿ ಸುತ್ತಿದ ಇನ್ನೊಂದು ಪುಸ್ತಕ ತೆಗೆದು ಗಂಡನ ಮುಂದಿಟ್ಟಳು.

"ನಿಮ್ಮ ಹರಕ ಪುಸ್ತಕ ಇಲ್ಲೈತಿ ತಗೋರಿ, ನಾ ಸೂಜಿನೂ ಮುಟ್ಟಿಸಿಲ್ಲ, ಟ್ರಂಕಿನ್ಯಾಗ ಇಟ್ಟದ್ದು ಲಕ್ಷದ ಹೊಸಾದು, ನಮ್ಮ ಕಾಶಪ್ಪಣ್ಣಂದು, ಕೊಂಡ ದಿನಾನ ಗಂಟಿನ್ಯಾಗ ಕಟ್ಟಿ ಮರತಿದ್ನಂತ, ನಿನ್ನಿ ಬೀಳಗ್ಯಾಗ ಸಿಕ್ತು."