ಹೋಲಿಕೆಗೆ ಬೇಕಾದ ಹೊಗೆ

ಸಾರಥಿ ಎಂಬ ಹಳ್ಳಿಯ ಹಜೀರಾಬೀಯ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ. ಹೊಗೆ ನೋಡಲೆಂದೇ ದಾವಣಗೆರೆಯಿಂದ ಬಂದಿದ್ದ ಸ್ನೇಹಾ ಕಂಗಾಲಾದಳು. ಹೊಗೆಯಿಲ್ಲದ ಒಲೆ ಹಂಚಿದ ಯೋಜನೆಯಿಂದ ನಿಜವಾಗಿ ಪ್ರಯೋಜನ ಆಯಿತೇ ಎಂದು ಅಳೆಯುವುದು ಅವಳ ಕೆಲಸ. ಅದಕ್ಕೆ ಒಲೆ ಸಿಕ್ಕವರನ್ನು ಸಿಗದವರ ಜೊತೆ ಹೋಲಿಸಬೇಕು. ಹಜೀರಾಬೀ ಸಿಗದವರ ಪೈಕಿ. ಆದರೆ ಯೋಜನೆಯ ಒಲೆಯೇ ಅಲ್ಲಿ ಉರಿಯುತ್ತಿತ್ತು, ಮೇಲೆ ರೊಟ್ಟಿ ಉಬ್ಬುತ್ತಿತ್ತು.

"ಇದು ನಂದಲ್ಲ ಮೇಡಂ, ಪಕ್ಕದ್ಮನೆ ಗುರುಶಾಂತಕ್ಕಂದು. ಬೆಳಿಗ್ಗೆ ಅವರಿಗೆ, ಮಧ್ಯಾಹ್ನ ನಮಗೆ" ಎಂದಳು ಹಜೀರಾಬೀ.

"ಅಯ್ಯೋ, ನಿಮ್ಮನೇಲಿ ಈ ಒಲೆ ಇರಬಾರ್ದು ರೀ! ಹೊಗೆ ಇರಬೇಕಿತ್ತು! ನನ್ನ ರಿಪೋರ್ಟ್ ಪೂರ್ತಿ ಹಾಳಾಯ್ತು."

ಒಲೆ ವಾಪಸ್ ಒಯ್ಯಲು ಬಂದಿದ್ದ ಗುರುಶಾಂತಮ್ಮ ಹೊಸ್ತಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡರು. ಸ್ನೇಹಾಳ ಮುಖ ನೋಡಿ ಅವರ ಕರುಳು ಚುರುಕ್ ಎಂದಿತು.

"ಅಷ್ಟಕ್ಕೆ ಯಾಕ ಅಳುಮೋರೆ ಮಾಡ್ತೀರವ್ವ, ಕೂಡ್ರಿ" ಎಂದು ಮಣೆ ಸರಿಸಿದರು. ಮೂಲೆಯಲ್ಲಿ ತಣ್ಣಗಿದ್ದ ಹಳೆಯ ಒಲೆಯತ್ತ ಕೈ ತೋರಿಸಿದರು. "ಹಜೀರಾ, ಅದಕ್ಕೆ ಎರಡು ಹಸಿ ಕಟ್ಟಿಗೆ ಇಡು. ಮೇಡಮ್ಮೋರು ಎಷ್ಟು ಬೇಕೋ ಅಷ್ಟು ಹೊಗೆ ಬರ್ಕೊಂಡು ಹೋಗ್ಲಿ."